ನೆಟ್ಸುಕೆ ಸಂಗ್ರಹಕ್ಕೆ ಇಳಿಯುವ ಮುನ್ನ: ಸಹಿ ಆಮೇಲೆ, ಮೊದಲು ತೂತು ನೋಡಿ

ಏಷ್ಯಾದ ಹಳೇ ಕೆತ್ತನೆಗಳ ಲೋಕ ತುಂಬ ದೊಡ್ಡದು. ಚೀನಾದ ಜೇಡ್ ಕಲ್ಲು, ಬಿದಿರಿನ ಕುಂಚದಾನಿ, ಕೆಂಪು ಮೆರುಗಿನ ಡಬ್ಬಿ, ನಶ್ಯದ ಪುಟ್ಟ ಬಾಟಲಿ, ಬರ್ಮಾದ ಮರದ ಕೆತ್ತನೆ. ಎಲ್ಲಾ ಚೆಂದ ಕಾಣುತ್ತವೆ, ಎಲ್ಲಾ ಬೇಕು ಅನ್ನಿಸುತ್ತದೆ. ಹಾಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಳ್ಳುತ್ತಾ ಹೋದರೆ ಕಪಾಟಿನಲ್ಲಿ ಅಸಲಿಗಿಂತ ನಕಲಿಯೇ ಜಾಸ್ತಿಯಾಗುತ್ತದೆ. ಯಾಕೆಂದರೆ ಪ್ರತಿಯೊಂದಕ್ಕೂ ಬೇರೆ ಕಣ್ಣು ಬೇಕು, ಕಣ್ಣು ಪಳಗಲು ವರ್ಷಗಳೇ ಹಿಡಿಯುತ್ತವೆ.

ಆದ್ದರಿಂದ ಒಂದನ್ನೇ ಹಿಡಿದುಕೊಳ್ಳಿ. ಯಾವುದು ಅಂತ ಕೇಳಿದರೆ, ಜಪಾನಿನ ನೆಟ್ಸುಕೆ ಎನ್ನುತ್ತೇನೆ, ಅಂದರೆ ಚೀಲವನ್ನು ಸೊಂಟಕ್ಕೆ ತೂಗುಹಾಕಲು ಬಳಸುತ್ತಿದ್ದ ಪುಟ್ಟ ಕೆತ್ತನೆ. ಮುಷ್ಟಿಯೊಳಗೆ ಅಡಗುವ ಗಾತ್ರ, ಹೆಚ್ಚಿನವು 3ರಿಂದ 5 ಸೆಂಟಿಮೀಟರ್. ಇಡಲು ಜಾಗ ಬೇಡ. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಲಿ ಎಂದೇ ಮಾಡಿದ ವಸ್ತು ಅದು. ಇದೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೆಟ್ಸುಕೆ ಸುಮ್ನೆ ಅಲಂಕಾರದ ಗೊಂಬೆ ಅಲ್ಲ, ಅದಕ್ಕೊಂದು ಕೆಲಸವಿತ್ತು. ಆ ಕೆಲಸವನ್ನು ಅರ್ಥ ಮಾಡಿಕೊಂಡವರಿಗೆ ಅರ್ಧದಷ್ಟು ನಕಲಿಗಳು ನೋಡಿದ ಕೂಡಲೇ ಗೊತ್ತಾಗುತ್ತವೆ.

ಹೆಜ್ಜೆ 1: ಅದರ ಕೆಲಸ ಏನಿತ್ತು ತಿಳಿದುಕೊಳ್ಳಿ

ಕಿಮೊನೊಗೆ ಜೇಬಿಲ್ಲ. ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಜಪಾನಿನ ಗಂಡಸರು ತಂಬಾಕಿನ ಚೀಲ, ಹಣದ ಚೀಲ, ಔಷಧಿ ಇಡುವ ‘ಇನ್ರೊ’ ಎಂಬ ಒಂದರ ಮೇಲೊಂದು ಕೂರುವ ಖಾನೆಗಳ ಪುಟ್ಟ ಪೆಟ್ಟಿಗೆ ಇವನ್ನೆಲ್ಲ ದಾರದಲ್ಲಿ ಕಟ್ಟಿ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದರು. ದಾರವನ್ನು ‘ಓಬಿ’ ಎಂಬ ಸೊಂಟಪಟ್ಟಿಯ ಹಿಂದಿನಿಂದ ಮೇಲಕ್ಕೆ ತಂದರೆ, ಅದರ ತುದಿಯ ನೆಟ್ಸುಕೆ ಪಟ್ಟಿಯ ಮೇಲಂಚಿಗೆ ಸಿಕ್ಕಿಕೊಂಡು ಕೂರುತ್ತಿತ್ತು. ಕೆಳಗಿನ ಚೀಲ ಜಾರಿ ಬೀಳದಂತೆ ತಡೆಯುವುದೇ ಅದರ ಕೆಲಸ. ನಡುವೆ ದಾರ ಬಿಗಿ ಮಾಡಲು ‘ಓಜಿಮೆ’ ಎಂಬ ಮಣಿ.

ದಿನವಿಡೀ ಸೊಂಟದಲ್ಲಿ ಇರಬೇಕಾದ ವಸ್ತುವಿಗೆ ಚೂಪಾದ ಮೂಲೆ ಇದ್ದರೆ ಆಗುತ್ತದೆಯೇ? ತೋಳು ಸಿಕ್ಕಿಕೊಳ್ಳುತ್ತದೆ, ಬಟ್ಟೆ ಹರಿಯುತ್ತದೆ, ಇಲ್ಲವೇ ಕೆತ್ತನೆಯ ಕಾಲು ಮುರಿಯುತ್ತದೆ. ಅದಕ್ಕೇ ಒಳ್ಳೆಯ ಕೆತ್ತನೆಗಾರ ಎತ್ತನ್ನು ಮಲಗಿಸುತ್ತಾನೆ, ಇಲಿಯ ಬಾಲವನ್ನು ಮೈಗೆ ಸುತ್ತುತ್ತಾನೆ, ಕೋತಿಯ ಕೈಕಾಲು ಒಳಕ್ಕೆ ಮಡಿಸುತ್ತಾನೆ. ಎಲ್ಲವೂ ದುಂಡಗೆ, ಒತ್ತಾಗಿ ಇರುತ್ತದೆ. ಆ ಕಟ್ಟುಪಾಡಿನೊಳಗೇ ಜೀವ ತುಂಬಿದ್ದಾರಲ್ಲ, ನನಗೆ ಈ ಕಲೆಯಲ್ಲಿ ಅದೇ ದೊಡ್ಡ ಬೆರಗು.

1868ರಲ್ಲಿ ಆಡಳಿತ ಮತ್ತೆ ಚಕ್ರವರ್ತಿಯ ಕೈಗೆ ಬಂದ ಮೆಯಿಜಿ ಬದಲಾವಣೆಯ ನಂತರ ಪಾಶ್ಚಾತ್ಯ ಉಡುಪು ಬಂತು. ಉಡುಪಿನ ಜತೆ ಜೇಬೂ ಬಂತು. ಹೊಗೆ ಸೇದುವ ಕೊಳವೆ ಮತ್ತು ತಂಬಾಕು ಚೀಲದ ಜಾಗಕ್ಕೆ ಸಿಗರೇಟು ಬಂತು. ನೆಟ್ಸುಕೆಗೆ ಕೆಲಸವಿಲ್ಲದಾಯಿತು. ಅದೇ ಹೊತ್ತಿಗೆ ವಿದೇಶಿಯರು ಮುಗಿಬಿದ್ದು ಕೊಳ್ಳತೊಡಗಿದರು. ಕೆತ್ತನೆಗಾರರಲ್ಲಿ ಹಲವರು ಕಪಾಟಿನಲ್ಲಿಡುವ ‘ಒಕಿಮೊನೊ’ ಮೂರ್ತಿಗಳತ್ತ ತಿರುಗಿದರು. ಆ ಮೂರ್ತಿಗಳೂ ಚೆನ್ನಾಗಿರುತ್ತವೆ, ಆದರೆ ನೆಟ್ಸುಕೆ ಎಂದುಕೊಂಡು ಕೊಳ್ಳಬಾರದು.

ಹೆಜ್ಜೆ 2: ದುಡ್ಡು ತೆಗೆಯುವ ಮುನ್ನ ಕಣ್ಣು ತುಂಬ ನೋಡಿ

ಮೊದಲ ಕೆಲವು ತಿಂಗಳು ಏನೂ ಕೊಳ್ಳಬೇಡಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಲಾಸ್ ಏಂಜಲಿಸ್ ಕೌಂಟಿ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೂರರಲ್ಲೂ ಒಳ್ಳೆಯ ಸಂಗ್ರಹವಿದೆ, ಮೂರೂ ತಮ್ಮ ವಸ್ತುಗಳ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿವೆ. ಲಾಸ್ ಏಂಜಲಿಸ್‌ನಲ್ಲಿರುವುದು ಬುಶೆಲ್ ದಂಪತಿ ಕೊಟ್ಟ ಪ್ರಸಿದ್ಧ ಸಂಗ್ರಹ. ಕ್ಯೋಟೊದಲ್ಲಿ ಹಳೇ ಸಮುರಾಯ್ ಮನೆಯೊಂದರಲ್ಲಿ ನೆಟ್ಸುಕೆಗೆಂದೇ ಒಂದು ಮ್ಯೂಸಿಯಂ 2007ರಲ್ಲಿ ತೆರೆಯಿತು. ಇಂದಿನ ಕೆತ್ತನೆಗಾರರ ಕೆಲಸವೂ ಅಲ್ಲಿ ಕಾಣಸಿಗುತ್ತದೆ.

ನೋಡುವಾಗ ಒಂದೇ ವಿಷಯ ಹಿಡಿದು ನೋಡಿ. ಉದಾಹರಣೆಗೆ ಇಲಿ. ಹತ್ತಾರು ಇಲಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಯಾರ ಇಲಿ ಉಸಿರಾಡುತ್ತಿದೆ, ಯಾರದ್ದು ಬರೀ ಇಲಿಯ ಆಕಾರ ಎನ್ನುವುದು ತಾನಾಗಿ ತಿಳಿಯುತ್ತದೆ. ಕೊಳ್ಳುವಾಗಲೂ ಹೀಗೆ ಒಂದು ವಿಷಯ ಹಿಡಿದುಕೊಳ್ಳುವವರಿದ್ದಾರೆ: ಚೀನಾ, ಜಪಾನಿನ ವರ್ಷಚಕ್ರದ ಹನ್ನೆರಡು ಪ್ರಾಣಿಗಳು, ಬರೀ ಮುಖವಾಡಗಳು, ಇಲ್ಲವೇ ದಾರುಮ, ಅಂದರೆ ಬೋಧಿಧರ್ಮ.

ಆಕಾರಗಳ ಹೆಸರೂ ಕಿವಿಗೆ ಬೀಳಲಿ. ನಾಲ್ಕೂ ಕಡೆಯಿಂದ ಕೆತ್ತಿದ ಮೂರ್ತಿ ‘ಕತಬೋರಿ’. ಚಪ್ಪಟೆ ದುಂಡಗಿನದು ‘ಮಂಜು’. ಬಟ್ಟಲಿನ ಮೇಲೆ ಲೋಹದ ಬಿಲ್ಲೆ ಕೂರಿಸಿದ್ದು ‘ಕಾಗಾಮಿಬುತ’. ಉದ್ದನೆಯ ಕಡ್ಡಿಯಂಥದ್ದು ‘ಸಾಶಿ’.

ಹೆಜ್ಜೆ 3: ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಪುಟ್ಟ ಟಾರ್ಚ್, ಅಳತೆಪಟ್ಟಿ. ಇಷ್ಟು ಜತೆಗಿರಲಿ.

ಮೊದಲ ಪ್ರಶ್ನೆ ತೂತಿಗೆ. ದಾರ ಹೋಗುವ ಜೋಡಿ ತೂತಿಗೆ ‘ಹಿಮೊತೋಶಿ’ ಎನ್ನುತ್ತಾರೆ. ಹಳೆಯ ನೆಟ್ಸುಕೆಗಳಲ್ಲಿ ಬಹಳ ಸಲ ಒಂದು ತೂತು ದೊಡ್ಡದು, ಇನ್ನೊಂದು ಚಿಕ್ಕದು. ದಾರದ ಗಂಟು ದೊಡ್ಡ ತೂತಿನೊಳಗೆ ಅಡಗಿ ಕೂರಬೇಕಲ್ಲ, ಅದಕ್ಕೆ. ಅಂಚಿನಲ್ಲಿ ಬೆರಳಾಡಿಸಿ. ವರ್ಷಗಟ್ಟಲೆ ದಾರ ಉಜ್ಜಿದ ಅಂಚು ಮೃದುವಾಗಿರುತ್ತದೆ, ದಾರ ಎಳೆದ ದಿಕ್ಕಿನಲ್ಲಿ ಜಾಸ್ತಿ ಸವೆದಿರುತ್ತದೆ. ಡ್ರಿಲ್ ಇಟ್ಟು ಕೊರೆದ ಒಂದೇ ಅಳತೆಯ ಎರಡು ತೂತು, ಅಂಚು ಚೂಪು, ಸುತ್ತ ಕಂದು ಬಣ್ಣದ ಉಂಗುರ, ಇಷ್ಟು ಕಂಡರೆ ಅನುಮಾನ ಪಡಿ. ಕೆಲವು ಅಸಲಿಗಳಲ್ಲಿ ಬೇರೆ ತೂತೇ ಇರುವುದಿಲ್ಲ ಎನ್ನುವುದೂ ನೆನಪಿರಲಿ. ಮಡಿಸಿದ ಕೈಯ ಸಂದು, ಬಾಲದ ಸುತ್ತು, ಕಾಲುಗಳ ನಡುವಿನ ಜಾಗದಲ್ಲೇ ದಾರ ಹೋಗುತ್ತದೆ. ಅಂಥ ಜಾಣ್ಮೆ ಕಂಡಾಗ ನನಗೆ ಕೆತ್ತನೆಗಾರನ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ತೂತಿನ ಜಾಗವೂ ಮುಖ್ಯ. ನಿಜವಾದ ದಾರ ಕಟ್ಟಿ ತೂಗುಬಿಡಿ. ಮುಖ ಹೊರಕ್ಕೆ ಬರಬೇಕು, ಹಿಂಭಾಗ ಮೈಗೆ ತಾಗಬೇಕು. ತಲೆಕೆಳಗಾಗಿ ತೂಗಿದರೆ ಅಥವಾ ಮುಖ ಸೊಂಟದ ಕಡೆ ತಿರುಗಿದರೆ, ಆ ತೂತನ್ನು ಕೊರೆದವರಿಗೆ ಅದರ ಬಳಕೆ ಗೊತ್ತಿರಲಿಲ್ಲ ಎಂದರ್ಥ. ಒಕಿಮೊನೊ ಮೂರ್ತಿಗೆ ಆಮೇಲೆ ತೂತು ಕೊರೆದು ನೆಟ್ಸುಕೆ ಎಂದು ಮಾರುವುದುಂಟು. ಅದು ಸಿಕ್ಕಿಬೀಳುವುದು ಇಲ್ಲೇ.

ಎರಡನೆಯ ಪ್ರಶ್ನೆ ತಳಕ್ಕೆ. ಒಳ್ಳೆಯ ಕೆಲಸದಲ್ಲಿ ಕೆಳಭಾಗವನ್ನೂ ಅಷ್ಟೇ ಪ್ರೀತಿಯಿಂದ ಕೆತ್ತಿರುತ್ತಾರೆ. ಪಾದದ ಅಡಿ, ಉಡುಪಿನ ಮಡಿಕೆ, ಇಲಿಯ ಹೊಟ್ಟೆಯ ಕೂದಲು, ಎಲ್ಲ ಇರುತ್ತದೆ. ಪ್ರವಾಸಿಗರಿಗೆಂದು ಮಾಡಿದ ಅಗ್ಗದ ಸರಕಿನಲ್ಲಿ ಮುಂಭಾಗ ಮಾತ್ರ ತುಂಬಿರುತ್ತದೆ, ತಳ ಬೋಳು.

ಮೂರನೆಯದು ಸವೆತ. ನಿಜವಾದ ಸವೆತ ಒಂದೇ ಸಮ ಇರುವುದಿಲ್ಲ. ಮೂಗು, ಬೆನ್ನು, ಮೊಣಕಾಲಿನಂಥ ಉಬ್ಬುಗಳು ನುಣುಪಾಗಿರುತ್ತವೆ. ಸಂದಿನ ಗೆರೆಗಳು ಇನ್ನೂ ಚುರುಕಾಗಿರುತ್ತವೆ. ನಕಲಿಯಲ್ಲಿ ಎಲ್ಲಾ ಸಂದಿಗೂ ಒಂದೇ ಕಪ್ಪು ಬಣ್ಣ ತುಂಬಿರುತ್ತಾರೆ. ಚಹಾದ ನೀರಲ್ಲಿ ಅದ್ದಿ ಹಳದಿ ಮಾಡುವುದೂ ಹಳೆಯ ತಂತ್ರ.

ನಾಲ್ಕನೆಯದು ಉಳಿಯ ಗುರುತು. ಭೂತಗನ್ನಡಿಯಲ್ಲಿ ಕೂದಲಿನ ಗೆರೆಗಳನ್ನು ನೋಡಿ. ಕೈಯಲ್ಲಿ ಎಳೆದ ಗೆರೆ ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಒಂದರಂತೆ ಇನ್ನೊಂದು ಇರುವುದಿಲ್ಲ. ತಿರುಗುವ ಯಂತ್ರದಿಂದ ಎಳೆದ ಗೆರೆಯ ತಳ ದುಂಡಗೆ, ಅಗಲ ಒಂದೇ ಸಮ.

ಹೆಜ್ಜೆ 4: ಯಾವ ವಸ್ತು ಎಂದು ಗುರುತಿಸಿ

ನೆಟ್ಸುಕೆಗೆ ಬಳಸಿದ ಮರಗಳಲ್ಲಿ ಮುಖ್ಯವಾದುದು ಜಪಾನಿನಲ್ಲಿ ‘ತ್ಸುಗೆ’ ಎನ್ನುವ ಬಾಕ್ಸ್‌ವುಡ್. ಎಳೆ ಬಹಳ ಸಣ್ಣ, ಮರ ಗಟ್ಟಿ, ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. ಕೈ ತಾಗಿ ತಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕೆತ್ತಿ ಮುಗಿದ ಮೇಲೆ ತೊಕುಸ ಎಂಬ ಒರಟು ಗಿಡದಿಂದ, ಮುಕು ಮರದ ಎಲೆಯಿಂದ, ಕೊನೆಗೆ ಜಿಂಕೆ ಕೊಂಬಿನ ನುಣ್ಣನೆಯ ಪುಡಿಯಿಂದ ಉಜ್ಜಿ ಹೊಳಪು ಕೊಡುತ್ತಿದ್ದರು.

ಮರದ ಕಪ್ಪೆ ಸಿಕ್ಕಿದರೆ ಬೆನ್ನಿನ ಗುಳ್ಳೆಗಳನ್ನು ಹತ್ತಿರದಿಂದ ನೋಡಿ. ‘ಉಕಿಬೋರಿ’ ಎಂಬ ಚಮತ್ಕಾರ ಅಲ್ಲಿರಬಹುದು. ಮೊಂಡು ಮೊನೆಯ ಸಾಧನದಿಂದ ಮರವನ್ನು ಚುಕ್ಕಿ ಚುಕ್ಕಿಯಾಗಿ ಒತ್ತಿ ತಗ್ಗು ಮಾಡುತ್ತಾರೆ. ಸುತ್ತಲಿನ ಮರವನ್ನು ಆ ತಗ್ಗಿನ ಮಟ್ಟಕ್ಕೆ ಹೆರೆದು ಇಳಿಸುತ್ತಾರೆ. ಕೊನೆಗೆ ನೀರು ತಾಗಿಸುತ್ತಾರೆ. ಒತ್ತಿದ ಮರದ ಎಳೆ ನೀರು ಕುಡಿದು ಉಬ್ಬಿ ಮೇಲೆ ಬರುತ್ತದೆ. ಹಾಗೆ ಎದ್ದ ಗುಳ್ಳೆಗೆ ಕೆತ್ತಿದ ಅಂಚೇ ಇರುವುದಿಲ್ಲ, ಮೈಯಿಂದಲೇ ಮೂಡಿದಂತಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಲ್ಲಿ ಗುಳ್ಳೆಗಳ ಸುತ್ತ ಬಣ್ಣ ನಿಂತಿರುತ್ತದೆ.

ಜಿಂಕೆ ಕೊಂಬಿನೊಳಗೆ ಸ್ಪಂಜಿನಂಥ ತೂತುತೂತಾದ ಭಾಗವಿರುತ್ತದೆ. ಅದನ್ನು ಮುಚ್ಚದೆ ಅಂದವಾಗಿ ಬಳಸಿಕೊಂಡವರು ಟೋಕಿಯೊದ ಅಸಕುಸ ಭಾಗದ ಕೆತ್ತನೆಗಾರರು. ಅವರಲ್ಲಿ ಕೊಕುಸಾಯ್ ದೊಡ್ಡ ಹೆಸರು. ಇವಾಮಿ ಪ್ರಾಂತದವರು ಕಾಡುಹಂದಿಯ ಕೋರೆಹಲ್ಲಿನ ಮೇಲೆ ಜೇಡ, ಶತಪದಿ ಕೆತ್ತಿ, ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು.

ಇನ್ನು ದಂತ. ಆನೆದಂತವನ್ನು ಅಡ್ಡ ಕತ್ತರಿಸಿದ ಮೈಯಲ್ಲಿ ಒಂದಕ್ಕೊಂದು ಕತ್ತರಿಯಾಕಾರದಲ್ಲಿ ದಾಟುವ ಗೆರೆಗಳಿರುತ್ತವೆ. ಇವಕ್ಕೆ ಶ್ರೇಗರ್ ಗೆರೆಗಳು ಎನ್ನುತ್ತಾರೆ. ಹೊರಭಾಗದಲ್ಲಿ ಇವು ಕೂಡುವ ಕೋನ ಅಗಲವಾಗಿದ್ದರೆ, ಅಂದಾಜು 115 ಡಿಗ್ರಿಗಿಂತ ಹೆಚ್ಚಿದ್ದರೆ, ಅದು ಆನೆಯದು. 90 ಡಿಗ್ರಿಗಿಂತ ಕಡಿಮೆಯಿದ್ದರೆ ಆನೆಯ ಬಳಗದ, ಈಗ ಅಳಿದುಹೋದ ಮ್ಯಾಮತ್‌ನದು. ಮ್ಯಾಮತ್ ದಂತದ ನೆಟ್ಸುಕೆ ಸಾಮಾನ್ಯವಾಗಿ ಹೊಸ ಕೆಲಸ. ಮೂಳೆಯಲ್ಲಿ ಈ ಗೆರೆ ಇರುವುದಿಲ್ಲ, ರಕ್ತನಾಳ ಹಾದುಹೋಗಿದ್ದ ಸಣ್ಣ ಕಪ್ಪು ಚುಕ್ಕಿ, ಗೀರುಗಳಿರುತ್ತವೆ. ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್ಕಿನ ಮಾಲಿನಲ್ಲಿ ಗೆರೆಗಳು ಅಳತೆ ಹಿಡಿದಂತೆ ಸಮಾನಾಂತರ. ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನ ಎರಕದಲ್ಲಿ ಗಾಳಿಗುಳ್ಳೆ, ಅಚ್ಚಿನ ಜೋಡಣೆಯ ಗೆರೆ ಸಿಗುತ್ತವೆ, ಸಹಿ ಕೂಡ ಮಸುಕಾಗಿರುತ್ತದೆ. ನೇರಳಾತೀತ ಟಾರ್ಚ್ ಬಿಟ್ಟರೆ ದಂತ ಮತ್ತು ಮೂಳೆ ನೀಲಿ ಬಿಳುಪಾಗಿ ಹೊಳೆಯುತ್ತವೆ, ರೆಸಿನ್ ಹೆಚ್ಚಾಗಿ ಮಂಕಾಗಿಯೇ ಇರುತ್ತದೆ.

ಕಾಯಿಸಿದ ಸೂಜಿ ಚುಚ್ಚಿ ನೋಡಿ ಎನ್ನುವವರ ಮಾತು ಕೇಳಲೇಬೇಡಿ. ಇನ್ನೂರು ವರ್ಷ ಉಳಿದು ಬಂದ ಕೆಲಸಕ್ಕೆ ಒಂದು ಕ್ಷಣದಲ್ಲಿ ಹೊಂಡ ಬೀಳುತ್ತದೆ.

ಹೆಜ್ಜೆ 5: ದಂತದ ಕಾನೂನು ಓದದೆ ದಂತ ಮುಟ್ಟಬೇಡಿ

ವಸ್ತು ಹಳೆಯದು, ಆನೆ ಸತ್ತು ಎಷ್ಟೋ ಕಾಲವಾಯಿತು, ಇನ್ನೇನು ತೊಂದರೆ ಎಂದು ಅನ್ನಿಸಬಹುದು. ಹಳೆಯದರ ಹೆಸರಿನಲ್ಲಿ ಹೊಸ ದಂತ ಮಾರಾಟವಾಗಿದ್ದರಿಂದಲೇ ಕಾನೂನು ಬಿಗಿಯಾಗಿದ್ದು. ಆ ಬಿಗಿ ಸರಿ ಎಂದೇ ನಾನು ನಂಬುತ್ತೇನೆ.

ಅಳಿವಿನಂಚಿನ ಜೀವಿಗಳ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲಿ ಏಷ್ಯಾದ ಆನೆ 1975ರಿಂದಲೇ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಆಫ್ರಿಕಾದ ಆನೆಯನ್ನು ಅದಕ್ಕೆ ಸೇರಿಸಲು 1989ರಲ್ಲಿ ತೀರ್ಮಾನವಾಯಿತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1991ರ ತಿದ್ದುಪಡಿ ಆಫ್ರಿಕಾ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ಅಮೆರಿಕ 2016ರಲ್ಲಿ ಬಹುತೇಕ ಎಲ್ಲ ಮಾರಾಟಕ್ಕೆ ತಡೆ ಹಾಕಿತು. ಚೀನಾ 2017ರ ಕೊನೆಗೆ ತನ್ನ ಒಳಗಿನ ಮಾರುಕಟ್ಟೆಯನ್ನು ಮುಚ್ಚಿತು. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್ 6ರಿಂದ ಜಾರಿಯಲ್ಲಿದೆ. ಅಲ್ಲಿ 1947ಕ್ಕಿಂತ ಹಿಂದಿನ, ಶೇಕಡಾ 10ಕ್ಕಿಂತ ಕಡಿಮೆ ದಂತವಿರುವ ವಸ್ತುಗಳಿಗೆ ವಿನಾಯಿತಿ ಇದೆ. ಪೂರ್ತಿ ದಂತದ ನೆಟ್ಸುಕೆಗೆ ಅದು ಸಿಗುವುದಿಲ್ಲ. 1918ಕ್ಕಿಂತ ಹಳೆಯದಾಗಿದ್ದು, ಅಸಾಧಾರಣ ಕಲಾಕೃತಿ ಎಂದು ತಜ್ಞರು ಒಪ್ಪಿ ಪ್ರಮಾಣಪತ್ರ ಕೊಟ್ಟರೆ ಮಾತ್ರ ಮಾರಬಹುದು. ಜಪಾನಿನೊಳಗೆ ಮಾರಾಟ ಈಗಲೂ ನಡೆಯುತ್ತದೆ, ಆದರೆ ಅಲ್ಲಿ ಕೊಂಡದ್ದನ್ನು ಗಡಿ ದಾಟಿಸುವುದು ಬೇರೆಯೇ ವಿಷಯ. ಕಸ್ಟಮ್ಸ್‌ನವರು ವಶಪಡಿಸಿಕೊಂಡರೆ ವಸ್ತು ಹೋಗುತ್ತದೆ, ಕೇಸೂ ಬೀಳುತ್ತದೆ.

ತಿಮಿಂಗಿಲದ ಹಲ್ಲು, ಆಮೆಚಿಪ್ಪು, ಕಪ್ಪು ಹವಳ, ಮಂಗಟ್ಟೆ ಹಕ್ಕಿಯ ತಲೆಯ ಗಟ್ಟಿ ಭಾಗ, ಇವಕ್ಕೂ ನಿರ್ಬಂಧಗಳಿವೆ.

ಹಾಗಾಗಿ ಮರದಿಂದಲೇ ಶುರುಮಾಡಿ. ಇದು ಕಾನೂನಿಗೆ ಹೆದರಿ ಕೊಡುತ್ತಿರುವ ಸಲಹೆ ಅಷ್ಟೇ ಅಲ್ಲ. ಬೆಚ್ಚನೆಯ ಬಣ್ಣ, ಹಗುರ ತೂಕ, ಮೃದು ಸವೆತ ಎಲ್ಲ ಸೇರಿ ಮರದ ನೆಟ್ಸುಕೆ ಕೈಗೆ ಕೊಡುವ ಸುಖ ದಂತದ್ದಕ್ಕಿಂತ ಒಂದು ತೂಕ ಜಾಸ್ತಿಯೇ.

ಹೆಜ್ಜೆ 6: ಸಹಿಯನ್ನು ಕೊನೆಗೆ ಓದಿ

1781ರಲ್ಲಿ ಒಸಾಕಾದಲ್ಲಿ ಅಚ್ಚಾದ ಒಂದು ಗ್ರಂಥ ಐವತ್ತಕ್ಕೂ ಹೆಚ್ಚು ನೆಟ್ಸುಕೆ ಕೆತ್ತನೆಗಾರರನ್ನು ಹೆಸರಿಸುತ್ತದೆ. ಮಲಗಿದ ಎತ್ತುಗಳಿಗೆ ಹೆಸರಾದ ಕ್ಯೋಟೊದ ತೊಮೊತಾದ ಅದರಲ್ಲಿದ್ದಾನೆ. ಅವನ ಕೆಲಸಕ್ಕೆ ನಕಲುಗಳು ಬಹಳ ಇವೆ ಎಂಬ ಮಾತೂ ಅದರಲ್ಲಿದೆ. 1781ರಲ್ಲೇ! ಅಂದರೆ ತೊಮೊತಾದ ಎಂಬ ಸಹಿಯ ಹಳೆಯ ನಕಲೂ ಇದೆ, ಹೊಸ ನಕಲೂ ಇದೆ, ಶಿಷ್ಯರು ಗೌರವದಿಂದ ಹಾಕಿದ ಗುರುವಿನ ಹೆಸರೂ ಇದೆ.

ಒಂದೇ ಹೆಸರಿನ ಬೇರೆ ಬೇರೆ ಜನರೂ ಇದ್ದಾರೆ. ಮಾಸನಾವೊ ಎಂದರೆ 18ನೇ ಶತಮಾನದ ಕ್ಯೋಟೊದವನೂ ಆಗಬಹುದು, ಮರದ ಕಪ್ಪೆಗಳಿಗೆ ಹೆಸರಾದ ಇಸೆ ಪ್ರಾಂತದ ಮನೆತನದವನೂ ಆಗಬಹುದು. ಆ ಮನೆತನದಲ್ಲಿ ಹಲವು ತಲೆಮಾರು ಇದೇ ಹೆಸರು ಹಾಕಿದೆ. ಜತೆಗೆ, ಬಹಳ ಒಳ್ಳೆಯ ಎಷ್ಟೋ ನೆಟ್ಸುಕೆಗಳಿಗೆ ಸಹಿಯೇ ಇಲ್ಲ. ವಿಶೇಷವಾಗಿ ಹಳೆಯವಕ್ಕೆ.

ಆದ್ದರಿಂದ ಮೊದಲು ಕೆಲಸ ನೋಡಿ ಕಾಲ ಮತ್ತು ಊರು ಅಂದಾಜು ಮಾಡಿ, ಆಮೇಲೆ ಸಹಿ ಅದಕ್ಕೆ ಹೊಂದುತ್ತದೆಯೇ ನೋಡಿ. ಸುತ್ತಲ ಮೈ ಸವೆದು ನುಣ್ಣಗಾಗಿದ್ದು ಸಹಿ ಮಾತ್ರ ಚೂಪಾಗಿದ್ದರೆ ಅದು ಆಮೇಲೆ ಕೆತ್ತಿದ್ದು. ಮ್ಯೂಸಿಯಂ ಚಿತ್ರಗಳಲ್ಲಿನ ಸಹಿಯ ಜತೆ ಅಕ್ಷರದ ಪ್ರತಿ ಗೆರೆ ಹೋಲಿಸಿ. ಸಹಿಯಿಲ್ಲದ ಜೀವಂತ ಹುಲಿ, ದೊಡ್ಡ ಸಹಿಯಿರುವ ಸತ್ತ ಹುಲಿ ಎರಡೂ ಮುಂದಿದ್ದರೆ ನಾನು ಮೊದಲನೆಯದನ್ನೇ ತೆಗೆದುಕೊಳ್ಳುತ್ತೇನೆ.

ಹೆಜ್ಜೆ 7: ಮುರಿದದ್ದು, ಅಂಟಿಸಿದ್ದು ಹುಡುಕಿ

ಕಿವಿ, ಬಾಲದ ತುದಿ, ಬೆರಳು, ಕೊಂಬು ಮೊದಲು ಮುರಿಯುವ ಜಾಗಗಳು. ಕೂರಿಸಿದ ಕಣ್ಣುಗಳಲ್ಲಿ ಒಂದರ ಬಣ್ಣ ಬೇರೆಯಾಗಿದ್ದರೆ ಅದು ಬದಲಿ. ನೇರಳಾತೀತ ಬೆಳಕಿನಲ್ಲಿ ಅಂಟು ಬೇರೆ ಬಣ್ಣದಲ್ಲಿ ಹೊಳೆಯುವುದುಂಟು. ದಂತದಲ್ಲಿ ಎಳೆಯ ಗುಂಟ ಬಿಟ್ಟ ಸಣ್ಣ ಬಿರುಕು ವಯಸ್ಸಿನದು, ಅದಕ್ಕೆ ಹೆದರಬೇಕಿಲ್ಲ. ಎತ್ತ ಬೇಕಾದತ್ತ ಬಲೆಯಂತೆ ಹರಡಿದ ಬಿರುಕಾದರೆ ಬಿಸಿ ಮಾಡಿ ತರಿಸಿದ್ದಿರಬಹುದು.

ಹೆಜ್ಜೆ 8: ಕೊಳ್ಳುವಾಗ

ವಸ್ತು ಸರಿಯಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಬರೆದು ಕೊಡುವ ಮಾರಾಟಗಾರರಿಂದ ಕೊಳ್ಳಿ. ದೂರದಿಂದ ಕೊಳ್ಳುವುದಾದರೆ ಆರೂ ಕಡೆಯ ಚಿತ್ರ, ತೂತಿನ ಹತ್ತಿರದ ಚಿತ್ರ, ಸಹಿಯ ಚಿತ್ರ ಕೇಳಿ. ತಳದ ಚಿತ್ರ ಕೊಡಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಶುಲ್ಕ ಸಾಮಾನ್ಯವಾಗಿ ಶೇಕಡಾ 20ಕ್ಕೂ ಜಾಸ್ತಿ ಬೀಳುತ್ತದೆ, ತೆರಿಗೆ ಮತ್ತು ಸಾಗಣೆ ಬೇರೆ. ಪಟ್ಟಿಯ ಮಾತನ್ನೂ ಗಮನವಿಟ್ಟು ಓದಿ. ‘ತೊಮೊತಾದನ ಕೃತಿ’ ಎಂದರೆ ಸಂಸ್ಥೆ ತನ್ನ ಅಭಿಪ್ರಾಯ ಕೊಡುತ್ತಿದೆ. ‘ತೊಮೊತಾದ ಎಂಬ ಸಹಿ ಇದೆ’ ಎಂದರೆ ಬರೀ ಕಂಡದ್ದನ್ನು ಹೇಳುತ್ತಿದೆ. ವಸ್ತುವಿನ ಸ್ಥಿತಿಯ ವರದಿಯನ್ನು ಕೇಳಿ ಪಡೆಯಿರಿ, ಅದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ.

ಹತ್ತು ಸಾಧಾರಣ ವಸ್ತುಗಳ ದುಡ್ಡನ್ನು ಕೂಡಿಸಿ ಒಂದು ಒಳ್ಳೆಯದನ್ನು ಕೊಳ್ಳಿ. ಆ ಒಂದು ನಿಮ್ಮ ಕಣ್ಣನ್ನು ಬೆಳೆಸುತ್ತದೆ.

ನೆಟ್ಸುಕೆಯಿಂದ ಮುಂದೆ ಏಷ್ಯಾದ ಶಿಲ್ಪಗಳತ್ತ ಹೋಗುವ ಆಸೆ ಬಂದರೆ ಒಂದು ಮಾತು. ಹೆಚ್ಚಿನ ನೆಟ್ಸುಕೆಗಳನ್ನು ಅವುಗಳ ಮಾಲೀಕರೇ ಮಾರಿದ್ದರು. ದೇವಸ್ಥಾನದ ಮೂರ್ತಿಗಳ ಕಥೆ ಹಾಗಲ್ಲ. ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದಿಂದ ಕದ್ದ ಕಂಚಿನ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಕೊಂಡಿತು. 2014ರಲ್ಲಿ ಆಸ್ಟ್ರೇಲಿಯಾ ಅದನ್ನು ಭಾರತಕ್ಕೆ ವಾಪಸ್ ಕೊಟ್ಟಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗಿದೆ. ಕದ್ದ ಕಲಾವಸ್ತುಗಳ ಬಗೆಗಿನ ಯುನೆಸ್ಕೊ ಒಪ್ಪಂದ 1970ರದ್ದು. ಆ ವರ್ಷಕ್ಕಿಂತ ಹಿಂದೆಯೇ ಮೂಲ ದೇಶದ ಹೊರಗಿತ್ತು ಎಂದು ತೋರಿಸುವ ಕಾಗದ ಇಲ್ಲದ ಪೂಜೆಯ ಮೂರ್ತಿಯನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಹೆಜ್ಜೆ 9: ಬರೆದಿಡಿ, ಕಾಪಾಡಿ

ಪ್ರತಿ ನೆಟ್ಸುಕೆಗೂ ಒಂದು ಪುಟ. ಮಿಲಿಮೀಟರಿನಲ್ಲಿ ಅಳತೆ, ಗ್ರಾಂನಲ್ಲಿ ತೂಕ, ವಸ್ತು, ವಿಷಯ, ಸಹಿಯ ಚಿತ್ರ, ಬಿರುಕು ಅಥವಾ ರಿಪೇರಿ, ಯಾರಿಂದ ಯಾವಾಗ ಕೊಂಡದ್ದು, ರಸೀದಿ. ಹಳೇ ಸಂಗ್ರಹದ ಚೀಟಿ, ಹರಾಜಿನ ನಂಬರಿನ ಸ್ಟಿಕ್ಕರ್ ಅಂಟಿದ್ದರೆ ಕೀಳಬೇಡಿ. ಯಾರ ಯಾರ ಕೈ ದಾಟಿ ಬಂತು ಎನ್ನುವುದಕ್ಕೆ ಅದೇ ಆಧಾರ.

ಒಣ ಬಿಸಿ ಇವಕ್ಕೆ ಶತ್ರು. ಹೀಟರ್ ಪಕ್ಕ, ಬಿಸಿಲು ಬೀಳುವ ಕಿಟಕಿ, ಬಿಸಿಯಾಗುವ ದೀಪದ ಕೆಳಗೆ ಇಡಬೇಡಿ. ಗಾಳಿಯ ತೇವ ಶೇಕಡಾ 50ರ ಆಸುಪಾಸಿನಲ್ಲಿ ಏರುಪೇರಿಲ್ಲದೆ ಇದ್ದರೆ ಒಳ್ಳೆಯದು. ಗಾಜಿನ ಕಪಾಟಿನ ಮೂಲೆಯಲ್ಲಿ ಪುಟ್ಟ ಲೋಟದಲ್ಲಿ ನೀರಿಡುವುದು ಸಂಗ್ರಹಕಾರರ ಹಳೆಯ ರೂಢಿ. ಜತೆಗೆ ತೇವ ಅಳೆಯುವ ಮೀಟರ್ ಒಂದಿರಲಿ. ತೊಳೆಯಬೇಡಿ, ಎಣ್ಣೆ ಅಥವಾ ಮೇಣ ಹಚ್ಚಬೇಡಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಹಳೇ ಕೊಳೆ ಎಂದು ಉಜ್ಜಿದರೆ ನೂರಾರು ವರ್ಷದ ಹೊಳಪು ಬಟ್ಟೆಗೆ ಹತ್ತಿ ಹೋಗುತ್ತದೆ.

ಬಣ್ಣ ಹಚ್ಚಿದ ಮರದ್ದು, ಉರುಶಿ ಎಂಬ ಜಪಾನಿ ಮೆರುಗಿನದ್ದು ಇದ್ದರೆ ಆದಷ್ಟು ಮುಟ್ಟಬೇಡಿ. ಬರೀ ಮರದ ನೆಟ್ಸುಕೆಯನ್ನು ಮಾತ್ರ ಕೈ ತೊಳೆದು, ಪೂರ್ತಿ ಒರೆಸಿಕೊಂಡು, ಆಗಾಗ ಹೊರಗೆ ತೆಗೆದು ಹಿಡಿದುಕೊಳ್ಳಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಕೂತೇ ನೋಡಿ. ಕೈಜಾರಿದರೆ ಮೊದಲು ಹೋಗುವುದು ಕಿವಿಯೇ.